ಫ್ಲಾಪಿಯಲ್ಲಿದ್ದ ಹಕ್ಕಿಗಳು

ಎಂದಿನಂತೆ ಮೊದಲ ಗಂಟೆ ಹೊಡೆದ ಒಂದು ಸೋಮವಾರ ಶಾಲೆಗೆ ಹೊಸ ಕಂಪ್ಯೂಟರ್ ಬಂತು. ಹಳೆಯ ಕಂಪ್ಯೂಟರ್ ಡ್ರಾಯರಿನಲ್ಲಿದ್ದ ಫ್ಲಾಪಿಯನ್ನು ಕರೆಯಿತು.

"ತಂಗೀ, ಸಂಜೆ ಗುಜರಿಯವರು ನನ್ನನ್ನು ಒಯ್ಯುತ್ತಾರೆ. ನಿನ್ನನ್ನು ಓದಬಲ್ಲವರು ಇಲ್ಲಿ ಬೇರೆ ಯಾರೂ ಇಲ್ಲ. ನಿನ್ನಲ್ಲಿರುವುದನ್ನು ಈ ಹೊಸಬನಿಗೆ ಕೊಡು."

ಫ್ಲಾಪಿಯಲ್ಲಿದ್ದದ್ದು ಶಾಲೆಯ ಅಂಗಳಕ್ಕೆ ಬಂದ ಅರವತ್ತೆರಡು ಹಕ್ಕಿಗಳ ಪಟ್ಟಿ. ತೀರಿಕೊಂಡ ಪದ್ಮಾಕ್ಷಿ ಟೀಚರು ಮಕ್ಕಳೊಡನೆ ಕೂತು ಬರೆದದ್ದು. ಯಾರೂ ಅಳಿಸಬಾರದೆಂದು ಅವರೇ ಫ್ಲಾಪಿಯ ಅಂಚಿನ ಕಚ್ಚಿಗೆ ಕಾಗದ ಅಂಟಿಸಿದ್ದರು. ಅಂದಿನಿಂದ ಅದರಲ್ಲಿ ಹೊಸದೇನನ್ನೂ ಬರೆಯಲು ಆಗುತ್ತಿರಲಿಲ್ಲ.

"ಕೊಡಲಾರೆ. ಕೊಟ್ಟರೆ ನನಗೇನು ಉಳಿಯುತ್ತದೆ? ಹನ್ನೊಂದು ವರ್ಷ ಒಂದಕ್ಷರ ಅಳಿಯದಂತೆ ಕಾದಿದ್ದೇನೆ."

"ಒಂದಕ್ಷರ ಸೇರಿಯೂ ಇಲ್ಲ," ಎಂದಿತು ಹಳೆಯದು. "ಅಂಗಳಕ್ಕೆ ಹಕ್ಕಿ ಬರುವುದೇನು ನಿಂತಿದೆಯೇ?"

ಹೊಸ ಕಂಪ್ಯೂಟರ್ ಮೆಲ್ಲಗೆ ಕೇಳಿತು, "ಅಕ್ಕಾ, ನಿಮ್ಮ ಟೀಚರು ಪಾಠ ಹೇಳಿಕೊಟ್ಟ ಮೇಲೆ ಅದನ್ನು ಮರೆತುಬಿಡುತ್ತಿದ್ದರೇ?"

ಫ್ಲಾಪಿ ಒಪ್ಪಿತು. ಹಳೆಯದು ಗರಗರ ಸದ್ದು ಮಾಡುತ್ತ ಓದಿತು. ಎರಡನ್ನೂ ಜೋಡಿಸಿದ್ದ ತಂತಿಯ ಆ ತುದಿಯಲ್ಲಿ ಹೊಸದು ಬರೆದುಕೊಂಡಿತು. ಫ್ಲಾಪಿ ಅಂಜುತ್ತಲೇ ತನ್ನೊಳಗೆ ಎಣಿಸಿ ನೋಡಿತು. ಅರವತ್ತೆರಡೂ ಇದ್ದವು.

ಗುರುವಾರ ಮಕ್ಕಳು ಹೊಸ ಕಂಪ್ಯೂಟರಿನ ಪಟ್ಟಿಗೆ ಅರವತ್ತಮೂರನೆಯದಾಗಿ ರಾಜಹಕ್ಕಿಯ ಹೆಸರನ್ನು ಸೇರಿಸಿದರು.