ಕುದುರೆಗೆ ಗಾಳಿ ಕೊಟ್ಟ ಮೈ

ಜಗತ್ತು ಹೊಸದಾಗಿದ್ದಾಗ, ನದಿಗಳು ಇನ್ನೂ ತಮ್ಮ ದಾರಿ ಹುಡುಕಿಕೊಳ್ಳುತ್ತಿದ್ದಾಗ, ಕುದುರೆಗಳೆಲ್ಲ ಎಮ್ಮೆಗಳ ಹಾಗೆ ದುಂಡಗಿದ್ದವು ಮಗೂ. ದಪ್ಪ ಕಾಲು, ಜೋಲು ಹೊಟ್ಟೆ, ಬೆರಳು ತೂರದಷ್ಟು ಸಣ್ಣ ಮೂಗಿನ ಹೊಳ್ಳೆ. ಬೆವರು ಅಂದರೆ ಏನೆಂದು ಅವಕ್ಕೆ ಗೊತ್ತೇ ಇರಲಿಲ್ಲ.

ಬಯಲಿನ ಜನ ಅವನ್ನು ಮುದ್ದಿನಿಂದ ಸಾಕುತ್ತಿದ್ದರು. ಅಲ್ಲೊಂದು ಪದ್ಧತಿ ಇತ್ತು. ಬೆಳಗಾದರೆ ಹಿರಿಯ ಬರಮಜ್ಜ ಪ್ರತಿ ಕುದುರೆಯ ಪಕ್ಕೆ ಮುಟ್ಟಿ ನೋಡುವನು. ಎಲುಬು ಕೈಗೆ ಸಿಕ್ಕರೆ ಸಾಕಿದವರಿಗೆ ಅವಮಾನ! ಹಾಗಾಗಿ ಎಲ್ಲರೂ ಬೇಯಿಸಿದ ಹುರುಳಿ ತಿನ್ನಿಸಿದ್ದೇ ತಿನ್ನಿಸಿದ್ದು. ಎಲ್ಲಕ್ಕಿಂತ ದುಂಡಗಿದ್ದವನು ಗುಂಡ. ಎಷ್ಟು ತಿಂದರೂ ಮೈ ತುಂಬದವಳು ಬಡಕಿ ಎಂಬ ಹೆಣ್ಣು ಕುದುರೆ. ಅವಳನ್ನು ಯಾರಿಗೂ ಕಾಣದ ಹಾಗೆ ಗುಡಿಸಲ ಹಿಂದೆ ಕಟ್ಟುತ್ತಿದ್ದರು, ಪಾಪ.

ಒಂದು ಬೇಸಿಗೆಯಲ್ಲಿ ನದಿ ಬತ್ತಿತು. ಅರ್ಧ ಜನ ಮಕ್ಕಳೊಂದಿಗೆ ದೂರ ಕೆಳಗೆ ಹೋಗಿ, ನದಿಯ ಮರಳಿನಲ್ಲೇ ಒರತೆ ತೋಡಿಕೊಂಡು ಬೀಡುಬಿಟ್ಟರು. ಬಯಲಿನಲ್ಲೇ ಉಳಿದಿದ್ದ ನೀಲವ್ವನೆಂಬವಳ ಪುಟ್ಟ ಮಗಳು ಚೆನ್ನಿಯೂ ಅಜ್ಜಿಯ ಜೊತೆ ಅಲ್ಲಿದ್ದಳು.

ಒಂದು ಮಧ್ಯಾಹ್ನ ಬೆಟ್ಟದ ಮೇಲೆ ಕಪ್ಪು ಮೋಡ ಕವಿಯಿತು. ಬಯಲಿನಲ್ಲಿ ಮಾತ್ರ ಒಂದೆಲೆಯೂ ಅಲುಗುತ್ತಿರಲಿಲ್ಲ. ನೀಲವ್ವ ಬರಮಜ್ಜನ ಬಳಿಗೆ ಓಡಿದಳು.

“ಅಜ್ಜಾ, ಬೆಟ್ಟದಾಗ ಮಳಿ ಸುರೀತೈತಿ. ಹೊಳಿ ಬಂದ್ರ ಏನ್ ಮಾಡೂದು? ನನ್ನ ಕೂಸು ಉಸುಕಿನಾಗೈತಿ!”

“ಗುಂಡನ್ನ ತಗೊಂಡು ಹೋಗವ್ವ. ಅವನಷ್ಟು ತಿಂದಾವ ಯಾರೂ ಇಲ್ಲ,” ಎಂದ ಬರಮಜ್ಜ.

ನೀಲವ್ವನನ್ನು ಹೊತ್ತು ಗುಂಡ ಹೊರಟ. ಬಡಕಿ ಹಗ್ಗ ಕಿತ್ತುಕೊಂಡು ಹಿಂದೆಯೇ ಓಡಿದಳು. ಅರ್ಧ ದಾರಿಗೆ ಗುಂಡನ ಕಾಲು ನಡುಗಿದವು. ಅವನು ಕುಸಿದ.

“ಅವ್ವಾ, ಮೈಯಾಗ ಬೆಂಕಿ ಹೊತ್ತೈತಿ. ಹೊರಗ ಹೋಗಾಕ ಅದಕ್ಕ ದಾರಿ ಇಲ್ಲ. ಬಡಕಿನ್ನ ಕರಕೊಂಡು ಹೋಗು.”

ಅಷ್ಟು ಹೇಳಿ ಕಣ್ಣು ಮುಚ್ಚಿದ. ನೀಲವ್ವ ಅವನ ಕುತ್ತಿಗೆ ತಬ್ಬಿ ಅತ್ತಳು. ಆದರೆ ಅಳುತ್ತ ಕೂರುವ ಹೊತ್ತಲ್ಲ ಅದು. ಬಡಕಿಯ ಬೆನ್ನೇರಿದಳು.

ಬಡಕಿ ಓಡಿದಳು. ಅವಳ ಮೈಯೂ ಕಾದಿತು.

“ಗಾಳಿಯಪ್ಪಾ, ನನ್ನೊಳಗಿನ ಬೆಂಕಿ ತಗೊಂಡು ಹೋಗು,” ಎಂದು ಬೇಡಿದಳು.

“ನೀ ನಿಂತ್ರ ನಾನೂ ನಿಲ್ತೀನಿ. ಓಡು, ಬರ್ತೀನಿ. ನಿನ್ನ ಮೈ ತೆಳ್ಳಗೈತಿ, ಒಳಗಿನ ಬೆಂಕಿ ನನ್ನ ಕೈಗೆ ಸಿಗ್ತೈತಿ,” ಎಂದಿತು ಗಾಳಿ.

ಬಡಕಿ ಇನ್ನೂ ಓಡಿದಳು. ಗಾಳಿ ಅವಳ ಹೊಳ್ಳೆಗಳನ್ನು ಅಗಲಿಸಿ ಒಳಹೊಕ್ಕಿತು. ಎದೆಯನ್ನು ಆಳ ಮಾಡಿತು. ಕಾಲಿನ ಭಾರವನ್ನೆಲ್ಲ ಸವೆಸಿತು. ಒಳಗಿನ ಬೆಂಕಿ ನೀರಾಗಿ ಚರ್ಮದ ಮೇಲೆ ಮೂಡಿತು, ಗಾಳಿ ಒರೆಸಿತು. ಮತ್ತೆ ಮೂಡಿತು, ಮತ್ತೆ ಒರೆಸಿತು.

ಹೊತ್ತು ಮುಳುಗುವ ಮೊದಲೇ ಬಡಕಿ ತಲುಪಿದಳು. ಜನ ಮಕ್ಕಳನ್ನೆತ್ತಿಕೊಂಡು ದಡ ಹತ್ತಿದರು. ಚೆನ್ನಿ ಅವ್ವನ ಕಂಕುಳೇರಿದಳು. ಆಮೇಲೆ ಹೊಳೆ ಬಂತು. ಮರಳಿನ ಮೇಲಿದ್ದುದೆಲ್ಲ ಕೊಚ್ಚಿಹೋಯಿತು.

ಗುಂಡನನ್ನು ಮಣ್ಣು ಮಾಡುವಾಗ ಬರಮಜ್ಜ, “ಪ್ರೀತಿ ಮಾಡೇ ನಿನ್ನ ಕೊಂದ್ವಲ್ಲೋ ಮಗನ,” ಎಂದು ಬಿಕ್ಕಿದ. ಆ ಹಳೆಯ ಪದ್ಧತಿ ಅಂದೇ ನಿಂತಿತು. ಬಡಕಿಯ ಮರಿಗಳೆಲ್ಲ ಗಾಳಿ ಕೊಟ್ಟ ಮೈಯನ್ನೇ ಹೊತ್ತು ಹುಟ್ಟಿದವು.

ಅದಕ್ಕೇ ಮಗೂ, ದೂರ ಓಡುವ ಕುದುರೆಗೆ ತೆಳ್ಳನೆ ಮೈ, ಸಣ್ಣ ಕಾಲು, ಅಗಲವಾದ ಹೊಳ್ಳೆ. ಓಡಿ ಬಂದ ಕುದುರೆಯನ್ನು ಇವತ್ತಿಗೂ ತಕ್ಷಣ ಕಟ್ಟಿಹಾಕುವುದಿಲ್ಲ. ಗಾಳಿ ತನ್ನ ಕೆಲಸ ಮುಗಿಸಲೆಂದು, ಬೆವರು ಆರುವವರೆಗೆ ಅದನ್ನು ಮೆಲ್ಲಗೆ ನಡೆಸುತ್ತಾರೆ.