ಗೌಡರು ತಡೆದ ವ್ಯಾನು

ಹೋಬಳಿ ಆಸ್ಪತ್ರೆಯ ಲ್ಯಾಬು ಸಾಕಮ್ಮನದು. ಸಕ್ಕರೆ, ಹಿಮೋಗ್ಲೋಬಿನ್ ಅಲ್ಲೇ ನೋಡುತ್ತಿದ್ದಳು. ಅದಕ್ಕಿಂತ ದೊಡ್ಡ ಪರೀಕ್ಷೆಯಾದರೆ ರಕ್ತ ತೆಗೆದು, ಐಸ್ ಡಬ್ಬಿಯಲ್ಲಿಟ್ಟು, ಜಿಲ್ಲಾ ಲ್ಯಾಬಿನ ವ್ಯಾನಿಗೆ ಕೊಡುತ್ತಿದ್ದಳು.

ಅವತ್ತು ಪಂಚಾಯ್ತಿ ಅಧ್ಯಕ್ಷ ಚಿಕ್ಕಣ್ಣೇಗೌಡರು ವ್ಯಾನನ್ನು ತಡೆದು ಒಳಗೆ ಬಂದರು.

"ನಮ್ಮೂರಿನ ರಕ್ತ ಜಿಲ್ಲೆಗೆ ಯಾಕೆ ಹೋಗ್ಬೇಕು? ಊರಿಗೇ ಅವಮಾನ. ಇವತ್ತಿಂದ ಎಲ್ಲ ಪರೀಕ್ಷೆನೂ ಇಲ್ಲೇ. ಆಗಲ್ಲ ಅಂದ್ರೆ ನಿನ್ನ ಜಾಗಕ್ಕೆ ಬೇರೆಯವರನ್ನ ತರಿಸ್ತೀನಿ."

ಡಬ್ಬಿಯಲ್ಲಿ ಕಾಮಾಲೆ ಹಿಡಿದ ಬಾಣಂತಿಯೊಬ್ಬಳ ರಕ್ತವಿತ್ತು. ಅವಳ ಗಂಡ ಬಾಗಿಲಲ್ಲಿ ಕೈಮುಗಿದು ನಿಂತಿದ್ದ. ಐಸ್ ಕರಗುತ್ತಿತ್ತು.

ಸಾಕಮ್ಮ ಗೌಡರ ಕಾಲು ನೋಡಿದಳು. ಪಾದ ಊದಿ, ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು.

"ಆಗ್ಲಿ ಗೌಡ್ರೆ. ನಿಮ್ಮಿಂದಲೇ ಶುರು ಮಾಡೋಣ. ಕಾಲು ಊದಿದೆ, ಕಿಡ್ನಿ ನೋಡ್ಬೇಕು."

ಜನ ನೋಡುತ್ತಿದ್ದರು. ಗೌಡರು ತೋಳು ಚಾಚಿದರು. ಅವಳು ರಕ್ತ ತೆಗೆದು, ಟ್ಯೂಬನ್ನು ಅಂಗೈಯಗಲದ ಒಂದು ಮಿಷನ್ ಪಕ್ಕ ಇಟ್ಟಳು.

"ಇದು ಕಿಡ್ನಿ ನೋಡುತ್ತಾ?" ಗೌಡರ ದನಿ ಇಳಿದಿತ್ತು.

"ಇದಕ್ಕೆ ಗೊತ್ತಿರೋದು ಸಕ್ಕರೆ ಒಂದೇ. ನೀವು ಹೇಳಿದ ಮೇಲೆ ಕಿಡ್ನಿಗೂ ಏನೋ ಒಂದು ಬರ್ಕೊಡ್ತೀನಿ."

ಗೌಡರು ಹಣೆ ಒರೆಸಿಕೊಂಡರು. "ನನ್ನದೊಂದು ಜಿಲ್ಲೆಗೆ ಕಳ್ಸಮ್ಮ."

"ನಿಮ್ಮದೂ ನಮ್ಮೂರಿನ ರಕ್ತವೇ ಅಲ್ವಾ ಗೌಡ್ರೆ?"

ಗೌಡರು ತಮ್ಮ ಟ್ಯೂಬನ್ನು ತಾವೇ ಬಾಣಂತಿಯ ಟ್ಯೂಬಿನ ಪಕ್ಕ ಇಟ್ಟು, ಡಬ್ಬಿ ಮುಚ್ಚಿ, ಹೊರಗೆ ಹೊತ್ತು ತಂದರು.

"ಏನಯ್ಯಾ," ಅಂತ ಡ್ರೈವರನ್ನು ಗದರಿದರು, "ಇನ್ನೂ ಇಲ್ಲೇ ನಿಂತಿದ್ದೀಯಾ? ಐಸ್ ಕರಗ್ತಾ ಇದೆ."