ಮುಳ್ಳುಹಂದಿ ಮೇಷ್ಟರ ಅನುಮಾನ

"ಗುರುಗಳೇ, ಸಾಕ್ಷಿ ಕಣ್ಣೆದುರಿಗೇ ಇರುವಾಗ ಒಬ್ಬರ ಮೇಲೆ ಅನುಮಾನಪಡುವುದು ತಪ್ಪೇ?" ಎಂದು ಶಿಷ್ಯ ಚನ್ನವೀರ ಕೇಳಿದ.

ಅವನ ಮನಸ್ಸಿನಲ್ಲಿ ಯಾರದೋ ಹೆಸರು ಇದೆಯೆಂದು ಗುರುಗಳಿಗೆ ತಿಳಿಯಿತು. ಆ ಹೆಸರನ್ನು ಅವರು ಕೇಳಲಿಲ್ಲ. ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಕಾಡಿನಲ್ಲಿ ಪ್ರಾಣಿಗಳ ಮಕ್ಕಳಿಗೆಂದು ಒಂದು ಶಾಲೆ ಇತ್ತು. ಅಲ್ಲಿ ಪಾಠ ಹೇಳುತ್ತಿದ್ದವರು ಒಬ್ಬ ಮುಳ್ಳುಹಂದಿ ಮೇಷ್ಟರು. ಕಾಡಿನ ದೊಡ್ಡವರೆಲ್ಲ ಒಂದು ಕಾಲಕ್ಕೆ ಅವರ ಮುಂದೆ ಕೂತು ಕಲಿತವರೇ. ಈಗ ಅವರಿಗೆ ತುಂಬ ವಯಸ್ಸಾಗಿತ್ತು. ಶಾಲೆ ಬಿಡಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಶಾಲೆಯ ಹೊರತು ಅವರಿಗೆ ಬೇರೇನೂ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಮೇಷ್ಟರದು ಒಂದು ಪದ್ಧತಿ. ಮರುದಿನ ಕೇಳಬೇಕಾದ ಪ್ರಶ್ನೆಯನ್ನು ಬಿಲದಲ್ಲಿ ಕೂತು ತಾವೇ ಯೋಚಿಸುವರು. ಯಾರಿಗೂ ಹೇಳರು. ಆ ಪ್ರಶ್ನೆಯ ಮುಂದೆ ಮಕ್ಕಳು ತಲೆ ಕೆರೆದುಕೊಳ್ಳಬೇಕು, ತಪ್ಪು ಹೇಳಬೇಕು, ತಮ್ಮತಮ್ಮಲ್ಲೇ ಜಗಳವಾಡಬೇಕು, ಕೊನೆಗೆ ಯಾರೋ ಒಬ್ಬರಿಗೆ ಹೊಳೆಯಬೇಕು. ಕಲಿಯುವುದು ಎಂದರೆ ಅದೇ ಎಂದು ಅವರು ನಂಬಿದ್ದರು.

ಒಂದು ಚಳಿಗಾಲದಲ್ಲಿ ಈ ಪದ್ಧತಿ ಕೆಟ್ಟಿತು. ಮೇಷ್ಟರು ಏನು ಕೇಳಿದರೂ ಮಕ್ಕಳು ಥಟ್ಟನೆ ಉತ್ತರ ಹೇಳತೊಡಗಿದರು. ಜಿಂಕೆಮರಿ ಹೇಳಿತು. ಎಂದೂ ಬಾಯಿ ಬಿಡದ ಮುಂಗುಸಿಯೂ ಹೇಳಿತು. ಎಲ್ಲರಿಗಿಂತ ಮೊದಲು ನರಿಮರಿ ಹೇಳಿತು. ಮೇಷ್ಟರಿಗೆ ಮೊದಮೊದಲು ಸಂತೋಷವಾಯಿತು. ಆಮೇಲೆ, ತಾವು ಪ್ರಶ್ನೆ ಕೇಳುವಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ಅವರ ಕಣ್ಣಿಗೆ ಬಿತ್ತು. ತಾವು ತಿರುಗಿ ನೋಡಿದರೆ ಎಲ್ಲರೂ ತಲೆ ತಗ್ಗಿಸುತ್ತಿದ್ದರು.

'ಇವರಿಗೆ ಪ್ರಶ್ನೆ ಮೊದಲೇ ಗೊತ್ತು' ಎಂದುಕೊಂಡರು ಮೇಷ್ಟರು. 'ಯೋಚಿಸುವಾಗ ನಾನು ಗಟ್ಟಿಯಾಗಿ ಮಾತಾಡಿಕೊಳ್ಳುತ್ತೇನೆ. ಯಾರೋ ಬಿಲದ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದಾರೆ.'

ಅಂದಿನಿಂದ ಅವರ ಗಮನ ಪಾಠದ ಮೇಲೆ ಇರಲಿಲ್ಲ. ಮಕ್ಕಳು ಪಿಸುಗುಟ್ಟಿದರೆ ಹತ್ತಿರ ಹೋಗಿ ನಿಲ್ಲುವರು. ನಕ್ಕರೆ ಯಾಕೆ ನಕ್ಕಿರಿ ಎಂದು ಗದರುವರು. ಒಂದು ದಿನ ಹೊಳೆಯ ಮರಳು ತಂದು ಬಿಲದ ಬಾಯಿಯ ಸುತ್ತ ಹರಡಿದರು. ಬೆಳಿಗ್ಗೆ ನೋಡಿದರೆ ಮರಳಿನ ಮೇಲೆ ಹೆಜ್ಜೆ ಮೂಡಿತ್ತು. ನರಿಯ ಹೆಜ್ಜೆ, ಚಿಕ್ಕದು.

ಮೇಷ್ಟರಿಗೆ ಆಶ್ಚರ್ಯವೇನೂ ಆಗಲಿಲ್ಲ. ಆ ಮರಿಯ ಅಪ್ಪನೂ ಅವರಲ್ಲೇ ಓದಿದವನು. ಜೊತೆಯವರ ಬುತ್ತಿ ಕದ್ದು ಸಿಕ್ಕಿಬಿದ್ದಿದ್ದ.

ಅಂದು ತರಗತಿಯಲ್ಲಿ ಅವರು ನರಿಮರಿಯ ಮೇಲೆ ಕಣ್ಣಿಟ್ಟೇ ಪ್ರಶ್ನೆ ಶುರು ಮಾಡಿದರು. "ಬಿರುಗಾಳಿ ಬೀಸುವಾಗ ಕೊಂಬೆಯ ಮೇಲಿನ ಹಕ್ಕಿ..."

"ಗಾಳಿಗೆ ಮುಖ ಕೊಟ್ಟು ಕೂರುತ್ತದೆ, ಮೇಷ್ಟ್ರೇ. ಬೆನ್ನು ಕೊಟ್ಟರೆ ಗರಿಯೊಳಗೆ ಗಾಳಿ ನುಗ್ಗುತ್ತದೆ" ಎಂದಿತು ನರಿಮರಿ.

ಮೇಷ್ಟರ ಮೈಮೇಲಿನ ಮುಳ್ಳು ನಿಮಿರಿತು. "ನಾನಿನ್ನೂ ಪ್ರಶ್ನೆ ಮುಗಿಸಿರಲಿಲ್ಲ. ನಿನಗೆ ಹೇಗೆ ಗೊತ್ತಾಯಿತು?"

ನರಿಮರಿ ಜೊತೆಯವರ ಕಡೆ ನೋಡಿತು.

"ನಿನ್ನೆ ಸಂಜೆ ನನ್ನ ಬಿಲದ ಹತ್ತಿರ ಬಂದಿದ್ದೆಯಾ?"

"ಬಂದಿದ್ದೆ, ಮೇಷ್ಟ್ರೇ."

"ಯಾಕೆ?"

ನರಿಮರಿ ಸುಮ್ಮನಾಯಿತು.

"ಅಪ್ಪನಿಗೆ ತಕ್ಕ ಮಗ" ಎಂದರು ಮೇಷ್ಟರು. "ಎದ್ದು ಹೋಗು. ಇನ್ನು ಈ ಕಡೆ ಕಾಲಿಡಬೇಡ."

ನರಿಮರಿ ಎದ್ದು ಹೋಯಿತು. ಉಳಿದ ಮಕ್ಕಳು ಯಾರೂ ತಲೆ ಎತ್ತಲಿಲ್ಲ.

ಮರುದಿನ ಮೇಷ್ಟರು ಹಗುರಾಗಿ ಶಾಲೆಗೆ ಬಂದರು. ಕಳ್ಳನನ್ನು ಹೊರಗೆ ಹಾಕಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಇನ್ನು ಮಕ್ಕಳು ಯೋಚಿಸಲೇಬೇಕು. "ಹೊಸ ಪ್ರಶ್ನೆ, ಕೇಳಿ" ಎಂದರು. "ಬಿರುಗಾಳಿ ಬೀಸುವಾಗ ಕೊಂಬೆಯ ಮೇಲಿನ ಹಕ್ಕಿ ಯಾವ ಕಡೆಗೆ ಮುಖ ಮಾಡಿ ಕೂರುತ್ತದೆ?"

ಅಳಿಲುಮರಿ ಜೋರಾಗಿ ಅಳತೊಡಗಿತು.

"ಇದನ್ನೇ ನೀವು ನಿನ್ನೆ ಕೇಳಿದ್ದು, ಮೇಷ್ಟ್ರೇ" ಎಂದಿತು ಅದು. "ಮೊನ್ನೆಯೂ ಇದೇ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತೀರಿ. ನಿಮಗೆ ಗೊತ್ತಾದರೆ ಬೇಜಾರಾಗುತ್ತದೆ, ಯಾರೂ ಬಾಯಿ ಬಿಡಬಾರದು ಅಂತ ನರಿ ನಮ್ಮಿಂದ ಆಣೆ ಮಾಡಿಸಿಕೊಂಡಿತ್ತು."

ಮೇಷ್ಟರು ನಂಬಲಿಲ್ಲ. "ಹೀಗೆ ಹೇಳು ಅಂತಲೂ ಅದೇ ಹೇಳಿಕೊಟ್ಟಿತೇ? ಹಾಗಾದರೆ ನನ್ನ ಬಿಲದ ಹತ್ತಿರ ಅದಕ್ಕೇನು ಕೆಲಸ?"

"ಒಂದು ಸಂಜೆ ನೀವು ದಾರಿ ತಪ್ಪಿ ಹೊಳೆಯ ಕಡೆಗೆ ಹೋಗಿಬಿಟ್ಟಿರಿ. ಅವತ್ತಿನಿಂದ ನೀವು ಬಿಲ ಸೇರುವ ತನಕ ಅದು ನಿಮ್ಮ ಹಿಂದೆಯೇ ಬರುತ್ತಿತ್ತು. ನಿಮಗೆ ಕಾಣಿಸದ ಹಾಗೆ."

ಮೇಷ್ಟರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದರು. ಸುಳ್ಳು ಎಲ್ಲಿದೆಯೆಂದು ಹುಡುಕಿದರು. ಈ ಸಲ ಯಾರೂ ತಲೆ ತಗ್ಗಿಸಲಿಲ್ಲ. ಮುಂಗುಸಿಯ ಕಣ್ಣಲ್ಲೂ ನೀರಿತ್ತು. ಅವರ ಮುಳ್ಳುಗಳು ಮೆಲ್ಲಗೆ ಮಲಗಿದವು. ಅವರು ಅಳಿಲುಮರಿಗೆ, "ನನಗೆ ನರಿಯ ಮನೆಯ ದಾರಿ ತೋರಿಸು" ಎಂದರು.

ನರಿಮರಿ ಗುಹೆಯ ಬಾಗಿಲಲ್ಲಿ ಕೂತಿತ್ತು. ಮೇಷ್ಟರನ್ನು ಕಂಡು ಎದ್ದು ನಿಂತಿತು.

"ನಾನು ಕೇಳಿದಾಗ ನೀನು ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನಂಬುತ್ತಿದ್ದಿರಾ, ಮೇಷ್ಟ್ರೇ?"

ಮೇಷ್ಟರು, "ತಪ್ಪು ನನ್ನದು. ನಾಳೆ ಶಾಲೆಗೆ ಬಾ, ಮಗು" ಎಂದು ಹೇಳಿ ಹಿಂದಿರುಗಿದರು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಮುಖದಲ್ಲಿ ತುಸು ನೆಮ್ಮದಿ ಕಂಡಿತು.

"ಹಾಗಾದರೆ ನರಿಮರಿ ಮತ್ತೆ ಶಾಲೆಗೆ ಬಂದಿತಲ್ಲವೇ, ಗುರುಗಳೇ?"

"ಬಂದಿತು; ಆದರೆ ಅನುಮಾನಕ್ಕೆ ಹೆದರಿ, ಗೊತ್ತಿದ್ದ ಉತ್ತರವನ್ನೂ ಅದು ಮತ್ತೆಂದೂ ಹೇಳಲಿಲ್ಲ."